ದೊಡ್ಡಪ್ಪ ಸತ್ತದ್ದು ಒಳಗೋ ಆಚೆಗೋ

ನಮ್ಮ ದೊಡ್ಡಪ್ಪ ಪ್ರಾಣ ಬಿಟ್ಟಾಗ ನಾನು ಅವರಿಂದ ಎರಡೂವರೆ ಅಡಿ ದೂರದಲ್ಲಿ ಕೂತಿದ್ದೆ. ಎರಡೂವರೆ ಅಡಿ ಎಂದು ಅಂದಾಜಿಗೆ ಹೇಳುತ್ತಿಲ್ಲ. ಅದೇ ದಿನ ಸಂಜೆ ಅಳೆಯಬೇಕಾಗಿ ಬಂತು. ಹತ್ತು ಹದಿನೈದು ಜನರ ಮುಂದೆ, ಒದ್ದೆ ಪಂಚೆಯಲ್ಲಿ, ಟೇಪು ಹಿಡಿದು ಅಳೆದೆ.

ನಾನು ಸರ್ವೆಯರ್. ಇಪ್ಪತ್ತಾರು ವರ್ಷದಿಂದ ಮಂಡ್ಯ, ಮದ್ದೂರು, ಮಳವಳ್ಳಿ ತಾಲೂಕುಗಳ ಬದುಗಳ ಮೇಲೆ ಅಣ್ಣತಮ್ಮಂದಿರ ಬೈಗುಳ ಕೇಳುತ್ತ ಓಡಾಡಿದ್ದೇನೆ. ಕಂಡದ್ದನ್ನು ಬರೆಯಬೇಕು, ಇರಬೇಕಾಗಿತ್ತು ಅನ್ನಿಸಿದ್ದನ್ನು ಬರೆಯಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಇದನ್ನೂ ಹಾಗೆಯೇ ಬರೆಯಲು ನೋಡುತ್ತೇನೆ. ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ಬೇಗ ಬರೆದರೆ ನನಗೆ ಬೇಕಾದ ಹಾಗೆ ಬರೆದುಬಿಡುವ ಭಯವಿದೆ.

ದೊಡ್ಡಪ್ಪ ನಮ್ಮ ತಂದೆಯ ಅಣ್ಣ. ಮದ್ದೂರಿನಲ್ಲಿ ಚಿಕ್ಕರಸಿನಕೆರೆ ಬಸ್ಸು ಹತ್ತಿ, ಅದು ಅಲ್ಲಿ ಮುಟ್ಟುವ ಮೊದಲೇ ಇಳಿದು, ನಾಲೆ ಏರಿಯ ಮೇಲೆ ಒಂದು ಮೈಲಿ ನಡೆದರೆ ಅವರ ಊರು. ನಾಲೆಯ ಕೆಳಗೆ ಒಂದೂವರೆ ಎಕರೆ ಗದ್ದೆ, ನಾಲೆಯ ಮೇಲೆ ಒಂದು ಎಕರೆ ಹಿಪ್ಪುನೇರಳೆ, ಹಿತ್ತಲಲ್ಲಿ ಏಳು ತೆಂಗಿನ ಮರ. ಇಬ್ಬರು ಹೆಣ್ಣುಮಕ್ಕಳು, ಒಬ್ಬಳನ್ನು ಮಳವಳ್ಳಿ ಕಡೆಗೆ, ಒಬ್ಬಳನ್ನು ಯಲಿಯೂರಿಗೆ ಕೊಟ್ಟಿದ್ದರು. ಗಂಡುಮಕ್ಕಳಿರಲಿಲ್ಲ. ಹಾಗಾಗಿ ಅವರು ಸತ್ತರೆ ತಲೆ ಬೋಳಿಸಿಕೊಳ್ಳುವವನು ನಾನು ಎಂದು ನಾನು ಹುಟ್ಟಿದಾಗಲೇ ಗೊತ್ತಾಗಿತ್ತು. ನನ್ನ ಕೂದಲು ತಾನಾಗಿಯೇ ಉದುರಲು ಶುರುವಾದ ಮೇಲೆ ಪ್ರತಿ ಸಲ ಹೋದಾಗಲೂ ದೊಡ್ಡಪ್ಪ ನನ್ನ ತಲೆ ನೋಡಿ ಹೇಳುತ್ತಿದ್ದರು: "ನಾನ್ ಸಾಯಗಂಟ ಕಾಯಕ್ಕಾಗ್ನಿಲ್ವೇನ್ಲಾ ನಿಂಗೆ?"

ಅವರ ಬಾಯಿಗೆ ಯಾರೂ ದೊಡ್ಡವರಲ್ಲ. ಬೇಸಾಯಕ್ಕೆ ಎತ್ತು ಕಟ್ಟಿದ್ದ ಕಾಲದಲ್ಲಿ ಎಡಗಡೆಯದನ್ನು ತಹಶೀಲ್ದಾರ ಎಂದೂ ಬಲಗಡೆಯದನ್ನು ಶಿರಸ್ತೇದಾರ ಎಂದೂ ಕರೆಯುತ್ತಿದ್ದರು. ಒಂದು ಹೊಡೆದರೆ ಮಾತ್ರ ಏಳುತ್ತಿತ್ತು, ಇನ್ನೊಂದು ಹೊಡೆದರೂ ಏಳುತ್ತಿರಲಿಲ್ಲ. ಒಂದು ಸಲ ನಿಜವಾದ ತಹಶೀಲ್ದಾರರೇ ನಾಲೆ ಒತ್ತುವರಿ ನೋಡಲು ಬಂದಿದ್ದರಂತೆ. ಗದ್ದೆಯ ಆ ತುದಿಯಿಂದ ದೊಡ್ಡಪ್ಪ ತಹಶೀಲ್ದಾರನ ತಾಯಿ, ಅಜ್ಜಿ, ಅವನ ಬಾಲ, ಅವನ ಸಗಣಿ ಎಲ್ಲವನ್ನೂ ಒಂದೊಂದಾಗಿ ಹೆಸರಿಸಿ ಬಯ್ಯುತ್ತಿದ್ದರು. ಸಾಹೇಬರು ಸ್ವಲ್ಪ ಹೊತ್ತು ಏರಿಯ ಮೇಲೆ ನಿಂತು ಕೇಳಿ ಜೀಪು ಹತ್ತಿ ಹೋದರು. ಒತ್ತುವರಿ ಇವತ್ತಿಗೂ ಇದ್ದಲ್ಲೇ ಇದೆ. ಅದು ಎಷ್ಟು ಗುಂಟೆ ಎಂದು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ.

ದೇವರ ವಿಷಯದಲ್ಲೂ ಹಾಗೆಯೇ. ಶನಿವಾರ ಬಾಡು ತಿನ್ನಬೇಡಿ ಎಂದರೆ, "ಕುರಿಗೇನ್ ವಾರ ಗೊತ್ತಾ" ಎನ್ನುವರು. ಹೊಸ್ತಿಲ ಮೇಲೆ ಕೂರಬಾರದು, ಅದು ಲಕ್ಷ್ಮಿಯ ಜಾಗ ಎಂದು ಊರಿನ ಮಕ್ಕಳಿಗೂ ಗೊತ್ತು. ದೊಡ್ಡಪ್ಪ ಕೂರುತ್ತಿದ್ದದ್ದು ಅಲ್ಲೇ. ಜಗಲಿ ಕಡೆಗೆ ಕಾಲು, ನಡುಮನೆ ಕಡೆಗೆ ಬೆನ್ನು, ಕೈಯಲ್ಲಿ ಲೋಟ. ಮುಂಬಾಗಿಲು, ಹಿತ್ತಿಲ ಬಾಗಿಲು ನೇರಕ್ಕಿದ್ದುದರಿಂದ ಮನೆಯಲ್ಲಿ ಗಾಳಿಯಾಡುವ ಒಂದೇ ಜಾಗ ಅದು ಎನ್ನುವುದು ಅವರ ವಾದ. "ಲಕ್ಷ್ಮಿ ಬಂದ್ರೆ ಎದ್ದು ಜಾಗ ಬುಡ್ತೀನಿ ಕಣ್ಲಾ. ಐವತ್ತು ವರ್ಸದಿಂದ ಕುಂತಿವ್ನಿ, ಒಂದ್ ಕಿತನೂ ಬಂದಿಲ್ಲ."

ಒಂದು ಜೀವಿಯ ಮುಂದೆ ಮಾತ್ರ ಅವರು ಬಾಯಿ ಮುಚ್ಚಿಕೊಂಡಿರುತ್ತಿದ್ದರು: ರೇಷ್ಮೆ ಹುಳ. ಹುಳಕ್ಕೆ ಬೇರೆ ಮನೆ ಕಟ್ಟಿಸಿರಲಿಲ್ಲ. ಮೊಟ್ಟೆ ತಂದರೆಂದರೆ ನಡುಮನೆ ಹುಳಕ್ಕೆ, ಜಗಲಿ ಮನುಷ್ಯರಿಗೆ. ಆಳೆತ್ತರಕ್ಕೆ ಒಂದರ ಮೇಲೊಂದು ತಟ್ಟೆ, ಅಂಥವು ನಾಲ್ಕು ಸಾಲು. ಒಳಗೆ ಹೋಗುವಾಗ ದೊಡ್ಡಪ್ಪ ಕಾಲು ತೊಳೆಯುವರು, ಬೀಡಿ ಆರಿಸುವರು, ಕೆಮ್ಮು ಬಂದರೂ ಆಚೆ ಬಂದು ಕೆಮ್ಮುವರು. ದೇವರ ಗುಡಿಗೆ ಚಪ್ಪಲಿ ಹಾಕಿಕೊಂಡು ಹೋಗಿ ಬೈಸಿಕೊಂಡ ಮನುಷ್ಯ ಹುಳದ ಹತ್ತಿರ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು.

ಆ ಗುರುವಾರ ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ನಾನು ಹೋದೆ. ಅವರಿಗೆ ಹದಿನೈದು ದಿನದಿಂದ ಎಡಗಡೆ ಎದೆ ಹಿಡಿದಂತಾಗುತ್ತಿತ್ತು. ಮಂಡ್ಯಕ್ಕೆ ಕರೆದುಕೊಂಡು ಹೋಗಿ ತೋರಿಸಬೇಕೆಂದು ರಜೆ ಹಾಕಿ ಬಂದಿದ್ದೆ. ಅವರು ಹೊಸ್ತಿಲ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಹುಳ ನಾಲ್ಕನೇ ಜ್ವರ ಎದ್ದು ನಾಲ್ಕು ದಿನವಾಗಿತ್ತು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ಹಸಿದ ರಾಕ್ಷಸನ ಹಾಗೆ. ಒಂದು ವಾರ ಸೊಪ್ಪು ಬಿಟ್ಟು ಬೇರೆ ಏನೂ ಬೇಡ, ಒಂದು ಹೊತ್ತು ತಪ್ಪಿದರೂ ಗೂಡು ಕೆಡುತ್ತದೆ.

"ಇನ್ ಮೂರ್ ದಿಸಕ್ಕೆ ಅಣ್ಣಾಯ್ತವೆ" ಎಂದರು ದೊಡ್ಡಪ್ಪ. ಹಣ್ಣಾಗುವುದೆಂದರೆ ಹುಳ ತಿನ್ನುವುದು ಬಿಟ್ಟು ಗೂಡು ಕಟ್ಟಲು ತಯಾರಾಗುವುದು, ಆಗ ಅವನ್ನು ತಟ್ಟೆಯಿಂದ ಬಿದಿರಿನ ಚಂದ್ರಿಕೆಗೆ ಬಿಡಬೇಕು. "ಅವನ್ನ ಚಂದ್ರಿಕೆಗೆ ಬುಟ್ಟು ಆಮೇಕೆ ಬತ್ತೀನಿ ನಿಮ್ ಮಂಡ್ಯಕ್ಕೆ. ಎದೆ ಎಲ್ಲೂ ಓಡೋಗಕಿಲ್ಲ."

ನಾನು ಜಗಲಿಯ ಮೇಲೆ ಕೂತು ವಾದ ಮಾಡಿದೆ. ಎದೆಯ ಪರೀಕ್ಷೆಯ ಯಂತ್ರ ಎಷ್ಟು ಕರಾರುವಾಕ್ಕಾಗಿರುತ್ತದೆ ಎಂದು ವಿವರಿಸಿದೆ. ಅವರಿಗೆ ನಗು ಬಂತು. "ಕರಾರುವಾಕ್ಕು ಅಂತೆ. ನಿಮ್ ಆಪೀಸ್‌ನೋರು ಅಳೆಯೋದ್ ಎಂಗೆ ಅಂದ್ರೆ..." ಎಂದು ಲೋಟ ಕೆಳಗಿಟ್ಟರು. ಲೋಟ ಸರಿಯಾಗಿಯೇ ಇಟ್ಟರು, ಒಂದು ತೊಟ್ಟೂ ಚೆಲ್ಲಲಿಲ್ಲ. ಆಮೇಲೆ ಮಾತು ಬರಲಿಲ್ಲ. ನಗುವ ಮುಖದಲ್ಲೇ ನಿಧಾನವಾಗಿ ಹಿಂದಕ್ಕೆ ಒರಗಿದರು. ಒರಗಲು ಅಲ್ಲಿ ಏನೂ ಇರಲಿಲ್ಲ. ಹಾಗೇ ನಡುಮನೆಯೊಳಕ್ಕೆ ಬೆನ್ನ ಮೇಲೆ ಬಿದ್ದರು. ನಮ್ಮ ಕಚೇರಿಯವರು ಅಳೆಯುವುದು ಹೇಗೆ ಎಂದು ಅವರು ಹೇಳಬೇಕೆಂದಿದ್ದರೋ ನನಗೆ ಗೊತ್ತಿಲ್ಲ. ಒಳ್ಳೆಯದೇನೂ ಆಗಿರಲಾರದು.

ಆಮೇಲಿನದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ. ನಾನು ಅವರನ್ನು ದಾಟಿ ಒಳಗೆ ಹೋದೆ. ಮಂಡಿಯೂರಿ ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟೆ. ಚುನಾವಣೆ ಕೆಲಸದ ತರಬೇತಿಯಲ್ಲಿ ಡಾಕ್ಟರೊಬ್ಬರು ಅದನ್ನು ತೋರಿಸಿಕೊಟ್ಟಿದ್ದರು. ಏನೂ ಸಿಗಲಿಲ್ಲ. ಬೆರಳು ಸರಿಸಿ ಇಟ್ಟೆ. ಇಪ್ಪತ್ತರವರೆಗೆ ಎಣಿಸಿದೆ. ಏನೂ ಸಿಗಲಿಲ್ಲ. ಮೂಗಿನ ಹತ್ತಿರ ಕೈಯ ಹಿಂಬದಿ ಹಿಡಿದೆ. ಏನೂ ಇಲ್ಲ. ಆಗ ಗಾಳಿ ಸಿಗಲಿ ಎಂದು ತೋಚಿತೋ ಏನೋ, ಕಂಕುಳಿಗೆ ಕೈ ಕೊಟ್ಟು, ಎದೆಯ ಸುತ್ತ ಬಿಗಿಯಾಗಿ ಹಿಡಿದು ಎತ್ತಿ, ಹೊಸ್ತಿಲು ದಾಟಿಸಿ, ಜಗಲಿಯ ಮೇಲೆ ಮಲಗಿಸಿದೆ. ಮಲಗಿಸಿದಾಗ ಅವರ ಬಾಯಿಂದ ಉಸಿರು ಬಂತು. ಒಂದೇ ಸಲ, ಉದ್ದಕ್ಕೆ, ದಣಿದು ಬಂದವರು ಕೂತಾಗ ಬಿಡುವಂಥದ್ದು. ಮತ್ತೆ ಬರಲಿಲ್ಲ.

ಅಷ್ಟರಲ್ಲಿ ದೊಡ್ಡವ್ವ ಬಂದು ನಿಂತಿದ್ದರು. ಎಲ್ಲಿಂದ ಬಂದರೋ ನಾನು ನೋಡಲಿಲ್ಲ. ಎರಡೂ ಕೈಯಲ್ಲಿ ಸೊಪ್ಪಿತ್ತು. ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. ಒಳಗೆ ಹೋಗಿ ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹಾಕಿ, ಕೈ ಒರೆಸಿಕೊಂಡು ಆಚೆ ಬಂದು, ಆಮೇಲೆ ಅಳಲು ಶುರು ಮಾಡಿದರು.

ಗಂಟೆಯೊಳಗೆ ಊರು ಸೇರಿತು. ದೊಡ್ಡಪ್ಪನಿಗೆ ಬಿಳಿ ಪಂಚೆ ಉಡಿಸಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿದರು. ಬಾಯಿ ಕಟ್ಟಿದ ದೊಡ್ಡಪ್ಪನನ್ನು ಅಲ್ಲಿದ್ದವರು ಯಾರೂ ಮೊದಲು ನೋಡಿರಲಿಲ್ಲ. ಎದುರು ಮನೆಯ ಮಾವ ಎಂದು ನಾನು ಕರೆಯುವ ಮುದುಕರೊಬ್ಬರಿದ್ದಾರೆ, ದೊಡ್ಡಪ್ಪನ ಜೊತೆಗಾರರು, ಅರವತ್ತು ವರ್ಷ ದಿನಾ ಬೆಳಿಗ್ಗೆ ಅವರನ್ನು ಬೈದು ಬೈಸಿಕೊಂಡವರು. ಅವರು ಬಂದು ಎದುರಿಗೆ ಕೂತು ಬಹಳ ಹೊತ್ತು ನೋಡಿದರು. "ಇವತ್ತು ಅದೆಷ್ಟ್ ಬೈದ್ರೂ ತಿರುಗ್ಸಿ ಬೈಯಾಕಿಲ್ಲ, ಬಡ್ಡಿಮಗ" ಎಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಸಾವಿನ ಮನೆಗೆ ಬರುವವರು ಬರಿಗೈಲಿ ಬರುವುದಿಲ್ಲ. ಹೂವಿನ ಹಾರ ತರುತ್ತಾರೆ, ಊದುಬತ್ತಿ ತರುತ್ತಾರೆ. ಹುಳಕ್ಕೆ ಊದುಬತ್ತಿಯ ಹೊಗೆ ವಿಷ. ದೊಡ್ಡವ್ವ ದೊಡ್ಡಪ್ಪನ ಕಾಲ ಬಳಿ ಕೂತು ರಾಗವಾಗಿ ಅಳುತ್ತಿದ್ದರು. ಆ ರಾಗ ಮುರಿಯದೆ ನಡುವೆಯೇ ಹೇಳುತ್ತಿದ್ದರು: "ಅಯ್ಯೋ ನನ್ ದೊರೆಯೇ, ಒಂಟೋದ್ರಲ್ಲಪ್ಪಾ... ಯಾರ್ಲಾ ಅದು ಊದ್ಬತ್ತಿ ಅಚ್ಚಿರೋನು, ಆರ್ಸ್ಲಾ... ಅಯ್ಯೋ ನನ್ ದೊರೆಯೇ, ಮದ್ಯಾನದ ಸೊಪ್ಪು ಯಾರ್ ತತ್ತಾರಪ್ಪಾ..." ಯಲಿಯೂರಿನ ತಂಗಿ ಬಸ್ಸಿಳಿದು ಅಳುತ್ತ ಓಡಿಬಂದವಳಿಗೆ ದೊಡ್ಡವ್ವ ತಬ್ಬಿಕೊಂಡು ಮೊದಲು ಹೇಳಿದ್ದು ಕಾಲು ತೊಳೆದುಕೊಂಡು ಎರಡನೇ ಸಾಲಿಗೆ ಸೊಪ್ಪು ಹಾಕು ಎಂದು. ಅವಳು ಅಳುತ್ತಲೇ ಹಾಕಿದಳು. ಸಾವಿನ ಮನೆಯ ಸದ್ದು ಸ್ವಲ್ಪ ತಗ್ಗಿದಾಗಲೆಲ್ಲ ಒಳಗಿನಿಂದ ಹುಳ ಸೊಪ್ಪು ತಿನ್ನುವ ಸರಸರ ಕೇಳುತ್ತಿತ್ತು.

ಹನ್ನೆರಡು ಗಂಟೆಗೆ ಊರಿನ ಯಜಮಾನರು ಬಂದರು. ಸಾವು, ಮದುವೆ, ನ್ಯಾಯ ಮೂರಕ್ಕೂ ಅವರೇ. ಅವರು ನಿಂತಲ್ಲಿಂದಲೇ ಪುರೋಹಿತರಿಗೆ ಫೋನು ಮಾಡಿದರು. ಸ್ಪೀಕರ್ ಹಾಕಿದ್ದರು. ಪಂಚಾಂಗದ ಹಾಳೆ ಮಗುಚುವ ಸದ್ದು ಎಲ್ಲರಿಗೂ ಕೇಳಿತು.

"ಧನಿಷ್ಠೆ" ಎಂದಿತು ಫೋನು. "ಬೆಳಿಗ್ಗೆಯಿಂದ ನಾಳೆವರೆಗೂ ಧನಿಷ್ಠೆಯೇ. ಆರು ತಿಂಗಳು ಮನೆ ಬಿಡಬೇಕಾಗುತ್ತೆ."

ಇದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆಲವು ನಕ್ಷತ್ರಗಳಲ್ಲಿ ಮನೆಯೊಳಗೆ ಸಾವಾದರೆ ನಮ್ಮ ಕಡೆ ಆ ಮನೆಯನ್ನು ಖಾಲಿ ಮಾಡಿ, ಬೀಗ ಹಾಕಿ, ಬಾಗಿಲಿಗೆ ಮುಳ್ಳು ಕಟ್ಟುತ್ತಾರೆ. ಒಳಗೆ ಒಲೆ ಹೊತ್ತಿಸುವ ಹಾಗಿಲ್ಲ, ದೀಪ ಹಚ್ಚುವ ಹಾಗಿಲ್ಲ. ಬಿಡದಿದ್ದರೆ ಅದೇ ವಂಶದಲ್ಲೋ ಅದೇ ಬೀದಿಯಲ್ಲೋ ಇನ್ನೊಂದು ಸಾವಾಗುತ್ತದೆ ಎನ್ನುತ್ತಾರೆ. ಆದ್ದರಿಂದ ಅದು ಮನೆಯವರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ, ಬೀದಿಯೇ ನಿಂತು ಮುಳ್ಳು ಕಟ್ಟಿಸುತ್ತದೆ. ಮನೆಯ ಆಚೆ ಸತ್ತರೆ ಇದೊಂದೂ ಇಲ್ಲ. ಅದಕ್ಕೇ ಕೊನೆ ಗಳಿಗೆ ಎಣಿಸುತ್ತಿರುವವರನ್ನು ಎತ್ತಿ ತಂದು ಜಗಲಿಗೆ ಹಾಕುತ್ತಾರೆ. ಹೊಸ್ತಿಲ ಮೇಲೆ ಕೂತು ಸಾಯುವವರ ವಿಷಯ ಯಾವ ಶಾಸ್ತ್ರದಲ್ಲೂ ಇರಲಿಲ್ಲ, ಯಾಕೆಂದರೆ ದೊಡ್ಡಪ್ಪನನ್ನು ಬಿಟ್ಟು ಯಾರೂ ಅಲ್ಲಿ ಕೂರುತ್ತಿರಲಿಲ್ಲ.

ದೊಡ್ಡವ್ವನ ರಾಗ ನಿಂತಿತು. "ಮುಳ್ಳು ಗಿಳ್ಳು ಅಂತ ಬಂದ್ರೆ ಸರಿ ಇರಕಿಲ್ಲ ಕಣ್ರಪ್ಪ" ಎಂದರು. "ನಮ್ಮತ್ತೆ ಸತ್ತಾಗ ಮೂರ್ ತಿಂಗ್ಳು ಕೊಟ್ಟಿಗೇಲಿ ಸಂಸಾರ ಮಾಡಿವ್ನಿ, ಒಸಾ ಮದ್ವೆ ಎಣ್ಣು. ಬಾಗ್ಲು ತಗುದ್ರೆ ಗೆದ್ಲು ಅಟ್ಟದ ಮರ ತಿಂದಿತ್ತು, ಇಲಿ ರಾಗಿ ತಿಂದಿತ್ತು. ನಕ್ಸತ್ರ ಏನೂ ತಿಂದಿರ್ನಿಲ್ಲ. ಈಗ ಈ ಉಳ ತಕ್ಕಂಡ್ ಎಲ್ಲೋಗ್ಲಿ ನಾನು?"

ಅದು ನಿಜವಾದ ಪ್ರಶ್ನೆಯಾಗಿತ್ತು. ನಾಲ್ಕು ಸಾಲು ತಟ್ಟೆ, ಗೂಡಿಗೆ ಮೂರು ದಿನ. ಅಷ್ಟು ಹುಳವನ್ನು ಬಿಸಿಲಲ್ಲಿ, ಇರುವೆಯಲ್ಲಿ, ಗಾಳಿಯಲ್ಲಿ ಆಚೆ ಇಟ್ಟರೆ ಒಂದೂ ಉಳಿಯುವುದಿಲ್ಲ. ಹುಳವಿದ್ದ ಮನೆಗೆ ಇನ್ನೊಬ್ಬರ ಹುಳ ಸೇರಿಸಿಕೊಳ್ಳುವವರೂ ಇಲ್ಲ, ರೋಗದ ಭಯ. ಹುಳದ ಮಾತು ಬಿಟ್ಟರೂ, ಎಪ್ಪತ್ತು ದಾಟಿದ ಹೆಂಗಸು ಗಂಡ ಸತ್ತ ದಿನವೇ ಮನೆಯನ್ನೂ ಬಿಡಬೇಕಾಗಿತ್ತು.

ಯಜಮಾನರು ಸಿಟ್ಟಾಗಲಿಲ್ಲ. "ಮೊದ್ಲು ಮಣ್ಣು ಮಾಡಣ. ಬಂದು ದೀಪ ಇಡೋ ಒತ್ಗೆ ತೀರ್ಮಾನ ಮಾಡಣ" ಎಂದರು.

ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಗುಂಡಿ ತೋಡಿದ್ದರು. ತಮಟೆ ಮುಂದೆ, ನಾನು ಬೆಂಕಿಯ ಮಡಕೆ ಹಿಡಿದು ಹಿಂದೆ. ನಾಲೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ತಿರುಗಿ ಬಂದಾಗ ಐದು ಗಂಟೆ. ಮಣ್ಣು ಮಾಡಿ ಬಂದವರು ದೀಪ ನೋಡಿ ಮನೆಗೆ ಹೋಗಬೇಕು, ಅದು ಪದ್ಧತಿ. ದೀಪ ಇಡುವುದು ಪ್ರಾಣ ಹೋದ ಜಾಗದಲ್ಲಿ. ಇಡಬೇಕಾದವನು ನಾನು. ಹಣತೆ ಹಿಡಿದು ಬಾಗಿಲ ಮುಂದೆ ನಿಂತೆ.

"ಎಲ್ಲಿಟ್ಟೀಯೆ?" ಎಂದರು ಯಜಮಾನರು. "ನೀನೊಬ್ನೇ ಇದ್ದಿದ್ದು. ನೋಡಿದ್ದು ನೋಡಿದಂಗೆ ಏಳು."

ಹೊಸ್ತಿಲ ಮೇಲೆ ಕೂತಿದ್ದರು, ಹಿಂದಕ್ಕೆ ಬಿದ್ದರು, ನಾನು ಆಚೆಗೆ ತಂದು ಮಲಗಿಸಿದೆ ಎಂದೆ.

"ಬಿದ್ದಾಗ ಎಷ್ಟು ಒಳ್ಗಿದ್ದ, ಎಷ್ಟು ಆಚ್ಗಿದ್ದ?"

ಯಾರೋ ನನ್ನ ಬ್ಯಾಗಿನಿಂದ ಟೇಪು ತಂದುಕೊಟ್ಟರು. ಹಣತೆಯನ್ನು ಜಗಲಿಯ ಕಟ್ಟೆಯ ಮೇಲಿಟ್ಟೆ. ಯಜಮಾನರು ಹೇಳಿದಂತೆ, ಆಗ ತಾನೇ ಬೋಳಿಸಿದ ತಲೆ ಹೊತ್ತುಕೊಂಡು ಹೊಸ್ತಿಲ ಮೇಲೆ ಕೂತು ಹಿಂದಕ್ಕೆ ಬಿದ್ದೆ. ನಾನೂ ದೊಡ್ಡಪ್ಪನೂ ಒಂದೇ ಎತ್ತರ, ಐದು ಅಡಿ ಆರು ಅಂಗುಲ. ಎದುರು ಮನೆಯ ಮಾವ ಟೇಪಿನ ಒಂದು ತುದಿ ಹಿಡಿದರು. ಒಳಗೆ ಎರಡು ಅಡಿ ಒಂಬತ್ತು ಅಂಗುಲ. ಹೊಸ್ತಿಲ ಮೇಲೆ ಒಂಬತ್ತು ಅಂಗುಲ. ಆಚೆ ಎರಡು ಅಡಿ. ನಾನು ಕೂತಿದ್ದ ಜಾಗಕ್ಕೆ ಎರಡೂವರೆ ಅಡಿ, ಅದನ್ನು ಯಾರೂ ಕೇಳಿರಲಿಲ್ಲ, ನಾನೇ ಅಳೆದೆ. ಕೈಗೆ ಕೆಲಸ ಸಿಕ್ಕಿದ್ದರಿಂದ ನನಗೆ ಸ್ವಲ್ಪ ಸಮಾಧಾನವಾಗಿತ್ತು.

"ಜಾಸ್ತಿ ಬಾಗ ಒಳ್ಗೇ ಅದೆ" ಎಂದರು ಯಜಮಾನರು.

"ಒಸ್ತಿಲು ಯಾರ್ದು?" ಎಂದರು ಮಾವ. "ಒಸ್ತಿಲ ಆಚೆಗೆ ಸೇರ್ಸುದ್ರೆ ಆಚೆನೂ ಅಷ್ಟೇ ಆಯ್ತದೆ. ಎರಡಡಿ ಒಂಬತ್ತು, ಎರಡಡಿ ಒಂಬತ್ತು. ನೀನೇಳಪ್ಪ ಸರ್ವೆ, ಗಡಿ ಕಲ್ಲು ಯಾರ್ಗೆ ಸೇರ್ತದೆ?"

ಗಡಿ ಕಲ್ಲು ಇಬ್ಬರಿಗೂ ಅರ್ಧರ್ಧ ಎಂದೆ. ಅದು ಸಹಾಯಕ್ಕೆ ಬರಲಿಲ್ಲ.

"ಅವ್ನ ಪ್ರಾಣ ಕಾಲಲ್ಲಿತ್ತು ಕಣ್ರಲಾ" ಎಂದರು ಮಾವ. "ಜನ್ಮೆಲ್ಲಾ ಒದ್ಕಂಡೇ ಇದ್ನಲ್ಲ. ಕಾಲು ಆಚ್ಗಿತ್ತಲ್ವಾ, ಸರೋಯ್ತು ಬುಡಿ."

ಎರಡು ಮೂರು ಜನ ನಕ್ಕರು. ಯಜಮಾನರೂ ನಕ್ಕು, ಟವೆಲು ಕೊಡವಿ ಮತ್ತೆ ಹೆಗಲ ಮೇಲೆ ಹಾಕಿಕೊಂಡರು. "ಪ್ರಾಣ ಅಂದ್ರೆ ಉಸ್ರು. ಕಾಲಲ್ಲಿ ಉಸ್ರಾಡ್ನಿಲ್ಲ ಅವ್ನು. ಕೊನೇ ಉಸ್ರು ಎಲ್ಲೋಯ್ತು, ಅಷ್ಟೇ ಏಳು ಮಗ. ದೀಪ ಮುಟ್ಟಿ ಏಳು. ಅದೇ ತೀರ್ಮಾನ."

ದೊಡ್ಡವ್ವ ಬಾಗಿಲೊಳಗೆ ನಿಂತಿದ್ದರು. ಅವರು ನನ್ನನ್ನು ನೋಡುತ್ತಿರಲಿಲ್ಲ, ತಟ್ಟೆಯಿಂದ ಕೆಳಗೆ ಬಿದ್ದ ಒಂದು ಹುಳವನ್ನು ಎತ್ತಿ ಮತ್ತೆ ಸೊಪ್ಪಿನ ಮೇಲೆ ಬಿಡುತ್ತಿದ್ದರು.

ನನಗೆ ಗೊತ್ತಿದ್ದದ್ದು ಇಷ್ಟು. ಒಳಗೆ ಇಪ್ಪತ್ತು ಎಣಿಸುವಷ್ಟು ಹೊತ್ತು ನಾಡಿ ಇರಲಿಲ್ಲ, ಉಸಿರಿರಲಿಲ್ಲ. ಆಚೆ ಒಂದು ಉಸಿರು ಬಂದದ್ದು ನಿಜ. ಅದು ಅವರು ಬಿಟ್ಟ ಉಸಿರೋ, ನಾನು ಎದೆ ಒತ್ತಿ ಹಿಡಿದು ಎತ್ತಿದ್ದರಿಂದ ಒಳಗೆ ಉಳಿದ ಗಾಳಿ ಆಚೆ ಬಂದದ್ದೋ ಎಂದರೆ, ಎರಡನೆಯದೇ ಎಂದು ನನ್ನ ಬೆರಳಿಗೆ ಗೊತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ನಾನು ಒಂದು ಗೆರೆಯನ್ನೂ ಯಾರಿಗಾಗಿಯೂ ಒಂದು ಅಂಗುಲ ಸರಿಸಿ ಎಳೆದವನಲ್ಲ. ಸರಿಸಲು ಹೇಳಿದವರಲ್ಲಿ ದೊಡ್ಡಪ್ಪನೂ ಒಬ್ಬರು. ಆಗ ಸರಿಸಲಿಲ್ಲ, ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದರು.

ಹಣತೆ ಕೈಗೆ ತೆಗೆದುಕೊಂಡೆ. "ಜಗಲಿ ಮೇಲೆ ಮಲಗಿಸಿದ ಮೇಲೆ ಒಂದು ಉಸಿರು ಬಂತು" ಎಂದೆ. ಪದಗಳನ್ನು ಆರಿಸಿಯೇ ಹೇಳಿದ್ದೆ. ಬಂತು ಎಂದೆ, ಬಿಟ್ಟರು ಎನ್ನಲಿಲ್ಲ.

"ನೀನು ಕಿವೀಲಿ ಕೇಳ್ದಾ?"

"ಕೇಳಿದೆ."

"ಅದಾದ್ಮೇಲೆ?"

"ಮತ್ತೆ ಇಲ್ಲ."

"ಅಂಗಾರೆ ಆಚೆಗೆ ಅನ್ನು."

ಇಲ್ಲಿ ಆರಿಸಲು ಪದಗಳಿರಲಿಲ್ಲ. "ಆಚೆಗೆ" ಎಂದೆ.

ಯಜಮಾನರು ತಲೆಯಾಡಿಸಿದರು. ನಾನು ಹಣತೆಯನ್ನು ಜಗಲಿಯ ಮೇಲೆ, ಹೊಸ್ತಿಲಿನಿಂದ ಮೂರು ಅಡಿ ಆಚೆಗೆ ಇಟ್ಟೆ. ಜನ ಒಬ್ಬೊಬ್ಬರಾಗಿ ದೀಪ ನೋಡಿ ಹೊರಟರು. ಗಾಳಿಗೆ ದೀಪ ಎರಡು ಸಲ ಆರಿತು, ಎರಡು ಸಲವೂ ಮಾವ ಬೀಡಿಗೆ ಇಟ್ಟುಕೊಂಡಿದ್ದ ಬೆಂಕಿಪೊಟ್ಟಣದಿಂದ ಹಚ್ಚಿದರು.

ಹುಳ ಹೇಳಿದ ದಿನಕ್ಕೇ ಹಣ್ಣಾದವು. ತಂಗಿಯರಿಬ್ಬರೂ ನಾನೂ ಸೇರಿ ಆರಿಸಿ ಚಂದ್ರಿಕೆಗೆ ಬಿಟ್ಟೆವು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ಚಾಪೆಯ ಮೇಲೆ ಸುರುಳಿಯಾಗಿ ದಬ್ಬೆ ಕಟ್ಟಿದ್ದು, ಹುಳ ಆ ಸಂದುಗಳಲ್ಲಿ ಗೂಡು ಕಟ್ಟುತ್ತದೆ.

ಆದರೆ ಬೀದಿ ನನ್ನನ್ನು ಸುಮ್ಮನೆ ಬಿಡಲಿಲ್ಲ. ಐದನೇ ದಿನ ಯಜಮಾನರ ಪಂಪಿನ ಮೋಟಾರು ಸುಟ್ಟಿತು. ಏಳನೇ ದಿನ ಪಕ್ಕದ ಮನೆಯ ಎಮ್ಮೆ ಹಾಲು ಕೊಡಲಿಲ್ಲ. ಎಂಟನೇ ದಿನ ಎದುರು ಮನೆಯ ಮಾವನೇ ನಾಲೆ ಏರಿಯಲ್ಲಿ ಜಾರಿ ಸೊಂಟ ಹಿಡಿಸಿಕೊಂಡರು. ಮೂರನ್ನೂ ಯಾರೂ ನನ್ನ ಮುಂದೆ ಆಡಲಿಲ್ಲ, ನನಗೆ ಕೇಳುವಷ್ಟು ಹತ್ತಿರದಲ್ಲಿ ಆಡಿದರು. ಮಾವನನ್ನು ನೋಡಲು ಹೋದಾಗ ಅವರು ಕೌದಿಯ ಮೇಲೆ ಮಗ್ಗುಲಾಗಿ ಮಲಗಿಕೊಂಡು ಎರಡು ಸಲ ಕೇಳಿದರು, "ಆಚೆಗೇ ತಾನೇ ಮಗ?" ನಾನು ಎರಡು ಸಲವೂ ಹೌದು ಎಂದೆ. ಎರಡನೆಯ ಸಲ ಹೌದು ಎನ್ನುವುದು ಮೊದಲಿನದಕ್ಕಿಂತ ಸುಲಭವಾಯಿತು, ಅದು ನನಗೆ ಹಿಡಿಸಲಿಲ್ಲ.

ಒಂಬತ್ತನೇ ದಿನ ನೀರು ಹಿಡಿಯುವಲ್ಲಿ ಹೆಂಗಸರು ದೊಡ್ಡವ್ವನಿಗೇ ನೇರವಾಗಿ ಕೇಳಿದರಂತೆ. ನಾನು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ, ದೊಡ್ಡವ್ವ ಹೇಳಿದ್ದು ಅಲ್ಲಿಗೂ ಕೇಳಿತು. "ಮೋಟ್ರು ಸುಟ್ಟಿದ್ದು ಕರೆಂಟಿಂದ. ಎಮ್ಮೆ ಈಗ ಗಬ್ಬ. ಆ ಮುದ್ಕ ಜಾರಿದ್ದು ಯಾತುಕ್ಕೆ ಅಂತ ಅವ್ನ ಬಾಯ್ ಮೂಸ್ ನೋಡ್ರವ್ವ. ನಮ್ ಉಡ್ಗ ಅಳೆಯೋನು. ಅವ್ನ ಬಾಯಲ್ಲಿ ಸುಳ್ಳು ಬತ್ತದಾ?"

ಆ ಕೊನೆಯ ಮಾತು ಕೇಳಿ ಬಾಯಿ ಮುಕ್ಕಳಿಸಿ ಒಳಗೆ ಬಂದೆ. ಬೀದಿಯವರಿಗೆ ಹೇಳಿದ್ದನ್ನು ಹೇಗೋ ಹೊತ್ತುಕೊಂಡು ಹೋಗಬಹುದಾಗಿತ್ತು. ಆ ಸುಳ್ಳನ್ನು ನಂಬಿ ಈ ಹೆಂಗಸು ನನ್ನ ಪರವಾಗಿ ಊರಿನ ಜೊತೆ ಜಗಳಕ್ಕೆ ನಿಂತಿರುವುದನ್ನು ಹೊರಲಾಗಲಿಲ್ಲ. ಯಾರಿಗಲ್ಲದಿದ್ದರೂ ಇವರಿಗೆ ಹೇಳಿಬಿಡಬೇಕು, ಬೇಕಾದರೆ ಅವರೇ ಬೀಗ ಹಾಕಿಸಲಿ ಎಂದುಕೊಂಡೆ.

ಹತ್ತನೇ ದಿನ ಬೆಳಿಗ್ಗೆ ಗೂಡು ಬಿಡಿಸಲು ಕೂತೆವು. ಮಾರನೆಯ ದಿನ ತಿಥಿ. ತಂಗಿಯರು ಅದರ ಸಾಮಾನಿಗೆಂದು ಮದ್ದೂರಿಗೆ ಹೋಗಿದ್ದರು. ಜಗಲಿಯ ಮೇಲೆ ಚಂದ್ರಿಕೆಯ ಆ ಕಡೆ ದೊಡ್ಡವ್ವ, ಈ ಕಡೆ ನಾನು. ಗೂಡು ಚೆನ್ನಾಗಿ ಬಂದಿತ್ತು, ಗಟ್ಟಿಯಾಗಿ, ಬೆರಳಲ್ಲಿ ಒತ್ತಿದರೆ ತಿರುಗಿ ಒತ್ತುವ ಹಾಗೆ. ಚಂದ್ರಿಕೆಯ ನಾಲ್ಕು ಸುತ್ತು ಬಿಡಿಸಿದೆವು.

"ದೊಡ್ಡವ್ವ, ಒಂದ್ ಮಾತು ಏಳ್ಬೇಕು" ಎಂದೆ. "ಅವತ್ತು ನಾನು ಆಚೆಗೆ ಎಳ್ಕಳಕ್ಕೆ ಮುಂಚೆನೇ..."

"ಮೂರ್ನೇ ಸಾಲು ಸಂದೀಲಿದ್ದೆ ಕಣಪ್ಪ ನಾನು" ಎಂದರು. ಕೈ ನಿಲ್ಲಿಸಲಿಲ್ಲ. "ತಟ್ಟೆ ಸಂದೀಲಿ. ಬಿದ್ದಾಗ ಅವ್ರ ಕಣ್ಣು ನನ್ ಕಡೀಕೇ ಇತ್ತು. ನೀನ್ ಕುತ್ತಿಗೆಗೆ ಬೆರಳಿಕ್ಕಿ ಅದೇನೋ ಎಣಿಸ್ತಾ ಕುಂತಿದ್ದೆ. ನಂಗೆ ಎಣಿಸ್ಬೇಕಾಗಿರ್ನಿಲ್ಲ."

ಕೈಯಲ್ಲಿದ್ದ ಗೂಡನ್ನು ನೋಡದೆಯೇ ಬುಟ್ಟಿಗೆ ಹಾಕಿದೆ.

"ಮತ್ತೆ ಅವತ್ತು ಏಳ್ನಿಲ್ವಲ್ಲ ನೀವು" ಎಂದೆ.

"ಯಾರ್ ಕೇಳುದ್ರು?"

ಅದು ನಿಜ. ಹದಿನೈದು ಜನ ಗಂಡಸರು ಟೇಪು ಹಿಡಿದು ಹೊಸ್ತಿಲು ಅಳೆದಿದ್ದೆವು. ಬಾಗಿಲೊಳಗೇ ನಿಂತಿದ್ದ ಅವರನ್ನು, ನೀನು ಎಲ್ಲಿದ್ದೆ, ಏನು ಕಂಡೆ ಎಂದು ನಾನೂ ಸೇರಿದಂತೆ ಒಬ್ಬನೂ ಕೇಳಿರಲಿಲ್ಲ.

"ಕೇಳಿದ್ರೆ ಏನ್ ಏಳ್ತಿದ್ರಿ?"

"ಆಚೆಗೆ ಅಂತಿದ್ದೆ. ನಿನ್ನಂಗೆ ಅಷ್ಟೊತ್ತು ಯೋಚ್ನೆ ಮಾಡ್ತಿರ್ನಿಲ್ಲ. ದೀಪ ಇಡ್ಕಂಡು ಬೆಪ್ಪನಂಗೆ ನಿಂತಿದ್ದಲ್ಲ, ಎಣ್ಣೆ ಎಲ್ಲಾ ಕೈ ಮ್ಯಾಲೆ ಚೆಲ್ಕಂಡು. ಇವ್ನು ಒಳ್ಗೆ ಅಂದ್ಬುಡ್ತಾನೆ ಅಂತ ನಂಗೆ ಎದೆ ಒಡ್ದೋಗಿತ್ತು." ಸೆರಗಿನಿಂದ ಮೂಗು ಒರೆಸಿಕೊಂಡರು. ಅಳುತ್ತಿದ್ದರೋ, ಗೂಡಿನ ಮೇಲಿನ ನಯವಾದ ಜಾಳು ಮೂಗಿಗೆ ಹೋಗಿತ್ತೋ ಹೇಳಲಾರೆ. ಆಮೇಲೆ ನನ್ನ ಬುಟ್ಟಿಯ ಕಡೆ ನೋಡಿದರು.

"ಎರಡುಳದ ಗೂಡು ಬ್ಯಾರೆ ಆಕು ಅಂತ ಎಷ್ಟ್ ಕಿತ ಏಳ್ಬೇಕು ನಿಂಗೆ. ಅಗೋ, ಅದು."

ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿದರೆ ನೂಲು ಸಿಕ್ಕಾಗುತ್ತದೆ, ಅದನ್ನು ಒಳ್ಳೆಯ ಗೂಡಿನ ಜೊತೆ ಸಂತೆಗೆ ಒಯ್ಯುವುದಿಲ್ಲ. ಬುಟ್ಟಿಯಲ್ಲಿ ಕೈಯಾಡಿಸಿ ಹುಡುಕಿದೆ. ಎಲ್ಲವೂ ಒಂದೇ ಥರ ಕಂಡವು.

"ಅದಲ್ಲ, ಅದರ್ ಪಕ್ಕದ್ದು" ಎಂದರು ದೊಡ್ಡವ್ವ.

ಪಕ್ಕದ್ದನ್ನು ತೆಗೆದೆ.